ರೊಸೆಲಿನಿ ಬದುಕಿನ ಜಮಾ-ಖರ್ಚು

ದಕ್ಷಿಣ ಇಟಲಿಯ ರಸ್ತೆಯೊಂದರಲ್ಲಿ ದುಬಾರಿ ಬೆಲೆಯ ಇಂಗ್ಲಿಷ್ ಕಾರೊಂದು ಸಾಗುತ್ತಿದೆ. ಒಳಗೆ ಕುಳಿತವರು ಶ್ರೀಮಂತ ಇಂಗ್ಲಿಷ್ ವ್ಯವಹಾರಸ್ಥ ಅಲೆಕ್ಸ್ ಜಾಯ್ಸ್ ಮತ್ತು ಆತನ ಪತ್ನಿ ಕ್ಯಾಥರೀನ್. ಮದುವೆಯಾಗಿ ಎಂಟು ವರ್ಷ ಕಳೆದಿದೆ. ನೇಪಲ್ಸ್ ನಗರದ ಸಮೀಪ, ತೀರಿಕೊಂಡ ಬಂಧುವೊಬ್ಬರು ಇವರಿಗೆಂದು ಬಿಟ್ಟುಹೋದ ಬಂಗಲೆಯೊಂದಿದೆ. ಅದನ್ನು ಮಾರಿ, ಹಣ ಪಡೆದು, ಆದಷ್ಟು ಬೇಗ ಇಂಗ್ಲೆಂಡಿಗೆ ಮರಳಬೇಕೆಂಬುದಷ್ಟೇ ಅಲೆಕ್ಸನ ಉದ್ದೇಶ. ಸುತ್ತಲಿನ ಬಿಸಿಲು, ಸಮುದ್ರ, ಗದ್ದಲ, ಜನರ ನಿಧಾನ ಎಲ್ಲವೂ ಆತನಿಗೆ ಕಿರಿಕಿರಿ. ಕೆಲಸದ ಒತ್ತಡವಿಲ್ಲದೆ, ಗೆಳೆಯರ ಬಳಗವಿಲ್ಲದೆ ಇಬ್ಬರೇ ಇರಬೇಕಾಗಿ ಬಂದಾಗ ತಾವು ಪರಸ್ಪರ ಅಪರಿಚಿತರೆಂಬುದು ಆ ದಂಪತಿಗೆ ಮೊದಲ ಬಾರಿಗೆ ಅರಿವಾಗುತ್ತದೆ.

1953ರಲ್ಲಿ ಚಿತ್ರೀಕರಣಗೊಂಡು 1954ರಲ್ಲಿ ತೆರೆಕಂಡ ‘ಜರ್ನಿ ಟು ಇಟಲಿ’ ಎಂಬ ಚಿತ್ರದ ಆರಂಭವಿದು. ನಿರ್ದೇಶಕರು ರಾಬರ್ಟೊ ರೊಸೆಲಿನಿ. ಪರದೇಶದಲ್ಲಿ ಧನಿಕನೊಬ್ಬನ ಭಾವಶೂನ್ಯತೆಯನ್ನು ಇಷ್ಟು ನಿರಾಡಂಬರವಾಗಿ ತೋರಿಸಿದ ಚಿತ್ರಗಳು ವಿರಳ. ಎಲ್ಲ ವಸ್ತುಗಳ ಬೆಲೆಯನ್ನೂ ಅರಿತು, ಯಾವುದರ ಮೌಲ್ಯವನ್ನೂ ಅರಿಯದವನ ಕಥೆಯೆಂದು ಅದನ್ನು ಸಂಗ್ರಹಿಸಬಹುದು. ಆದರೆ ಆ ಕಥೆಯನ್ನು ಹೇಳಿದವರ ಬದುಕನ್ನು ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಲೆಕ್ಕವನ್ನಷ್ಟೇ ಬಲ್ಲ ಮನುಷ್ಯನ ಕಾಯಿಲೆಯನ್ನು ಕಂಡುಹಿಡಿದ ಈ ಕಲಾವಿದರು, ಸ್ವತಃ ಲೆಕ್ಕವನ್ನೇ ಇಡದೆ ಬದುಕಿದವರು. ಆ ಲೆಕ್ಕದ ಬಾಕಿಯನ್ನು ತೀರಿಸಿದವರು ಯಾರು?

ರೊಸೆಲಿನಿ ಹುಟ್ಟಿದ್ದು 1906ರ ಮೇ 8ರಂದು, ರೋಮ್ ನಗರದಲ್ಲಿ. ತಂದೆ ಕಟ್ಟಡ ನಿರ್ಮಾಣದ ಉದ್ಯಮಿ. ಮನೆಯಲ್ಲಿ ಹಣಕ್ಕೆ ಕೊರತೆಯಿರಲಿಲ್ಲ. ಸಂಗೀತ, ಸಾಹಿತ್ಯ, ಅತಿಥಿ ಸತ್ಕಾರಗಳಿಗೂ ಕೊರತೆಯಿರಲಿಲ್ಲ. ತಂದೆ ರೋಮಿನ ಆರಂಭಕಾಲದ ಆಧುನಿಕ ಚಿತ್ರಮಂದಿರವೊಂದನ್ನು ಕಟ್ಟಿದ್ದರಿಂದ ಮಗನಿಗೆ ಅಲ್ಲಿ ಉಚಿತ ಪ್ರವೇಶ. ಸಿನಿಮಾದ ಗೀಳು ಅಂಟಿಕೊಂಡದ್ದು ಹೀಗೆ. ವೇಗದ ಕಾರುಗಳ ಗೀಳು ಮತ್ತೊಂದು. ಅದು ಕೊನೆಯವರೆಗೂ ಬಿಡಲಿಲ್ಲ. ತಂದೆಯ ಮರಣಾನಂತರ ಕೈಗೆ ಬಂದ ಹಣ ಬಹುಬೇಗ ಕರಗಿತು. ದುಡಿದು ತಿನ್ನಬೇಕಾದ ಪರಿಸ್ಥಿತಿ ಬಂದಾಗ ಅವರು ಸಿನಿಮಾ ಕ್ಷೇತ್ರದಲ್ಲಿ ಧ್ವನಿ ಹಾಗೂ ಸಂಕಲನದಂತಹ ಕೆಲಸಗಳಿಂದ ತೊಡಗಿ ನಿರ್ದೇಶನದತ್ತ ಬಂದರು. ಹಣವಿದ್ದಾಗ ನೀರಿನಂತೆ ಖರ್ಚು ಮಾಡುವುದು, ಇಲ್ಲದಾಗ ಸಾಲ ಮಾಡುವುದು ಅವರ ಜೀವನಕ್ರಮವಾಯಿತು. 1936ರಲ್ಲಿ ವಸ್ತ್ರವಿನ್ಯಾಸಕಿ ಮಾರ್ಚೆಲ್ಲಾ ದೆ ಮಾರ್ಕಿಸ್ ಅವರನ್ನು ವಿವಾಹವಾದರು. ರೊಮಾನೊ ಮತ್ತು ರೆಂಜೊ ಎಂಬ ಇಬ್ಬರು ಗಂಡುಮಕ್ಕಳಾದರು.

ಅವರ ಆರಂಭದ ದಿನಗಳ ಬಗ್ಗೆ ಅಭಿಮಾನಿಗಳು ಮೆಲುದನಿಯಲ್ಲಿ ಮಾತನಾಡುವುದುಂಟು. ಸರ್ವಾಧಿಕಾರಿ ಮುಸೊಲಿನಿಯ ಮಗ ವಿಟ್ಟೋರಿಯೊ ಅವರಿಗೆ ಪರಿಚಿತ. ಆತನೂ ಸಿನಿಮಾ ವಲಯದವನೇ. 1941ರಿಂದ 1943ರ ನಡುವೆ ಅವರು ನಿರ್ದೇಶಿಸಿದ ಮೂರು ಚಿತ್ರಗಳು ನೌಕಾಪಡೆ, ವಾಯುಪಡೆ ಮತ್ತು ಭೂಸೇನೆಯ ಪುರೋಹಿತನೊಬ್ಬನನ್ನು ಕುರಿತವು. ಆಳುವ ಪ್ರಭುತ್ವದ ಯುದ್ಧ ಪ್ರಯತ್ನಕ್ಕೆ ಒದಗಿದವು. ಈ ಸಂಗತಿಯನ್ನು ಮರೆಮಾಚುವ ಅಗತ್ಯವಿಲ್ಲ. ಆಮೇಲೆ ಅವರು ಮಾಡಿದ ಕೆಲಸದ ತೂಕ ತಿಳಿಯಬೇಕಾದರೆ ಇದೂ ತಿಳಿದಿರಬೇಕು.

1944ರ ಜೂನ್ ತಿಂಗಳಲ್ಲಿ ಮಿತ್ರಪಡೆಗಳು ರೋಮನ್ನು ಪ್ರವೇಶಿಸಿದವು. 1945ರ ಆರಂಭದಲ್ಲಿ, ಉತ್ತರ ಇಟಲಿಯಲ್ಲಿ ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ರೊಸೆಲಿನಿ ‘ರೋಮ್, ಓಪನ್ ಸಿಟಿ’ ಚಿತ್ರೀಕರಣ ಆರಂಭಿಸಿದರು. ಸುಸಜ್ಜಿತ ಸ್ಟುಡಿಯೊ ಲಭ್ಯವಿರಲಿಲ್ಲ. ಫಿಲಂ ಸುರುಳಿಗಳಿಗೆ ಬರ. ಸಿಕ್ಕಿದಲ್ಲಿ ಸಿಕ್ಕಷ್ಟು ಕೊಂಡು ತರಬೇಕಿತ್ತು. ವಿದ್ಯುತ್ತನ್ನು ನಂಬುವಂತಿರಲಿಲ್ಲ. ಜರ್ಮನ್ ಸೈನಿಕರ ಕೈಯಲ್ಲಿ ಹಿಂಸೆ ಅನುಭವಿಸಿದರೂ ಸಂಗಾತಿಗಳ ಹೆಸರನ್ನು ಹೇಳದ ಹೋರಾಟಗಾರ, ಗುಂಡೇಟಿಗೆ ಬಲಿಯಾಗುವ ಪಾದ್ರಿ, ಬಂಧಿತನಾದ ತನ್ನವನ ಲಾರಿಯ ಹಿಂದೆ ಓಡಿ ಬೀದಿಯಲ್ಲೇ ಪ್ರಾಣಬಿಡುವ ಹೆಣ್ಣು ಇವರು ಆ ಚಿತ್ರದ ಮೂಲಕ ಜಗತ್ತಿನ ನೆನಪಿನಲ್ಲಿ ಉಳಿದರು. ಆ ಹೆಣ್ಣಿನ ಪಾತ್ರ ವಹಿಸಿದ ಆನ್ನಾ ಮನ್ಯಾನಿ ರೊಸೆಲಿನಿಯವರ ಸಂಗಾತಿಯೂ ಆದರು. 1946ರಲ್ಲಿ ‘ಪೈಸಾ’ ಬಂತು. ನವವಾಸ್ತವವಾದ ಎಂಬ ಪಂಥಕ್ಕೆ ಈ ಚಿತ್ರಗಳೇ ಅಡಿಪಾಯ. ಭಾರತದ ಚಿತ್ರರಸಿಕರಿಗೂ ಅವರ ಹೆಸರು ಬೇಗನೆ ತಲುಪಿತು. 1952ರಲ್ಲಿ ಮುಂಬಯಿಯಲ್ಲಿ ನಡೆದ ನಮ್ಮ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ‘ರೋಮ್, ಓಪನ್ ಸಿಟಿ’ ಪ್ರದರ್ಶನಗೊಂಡಿತ್ತು.

ಕೀರ್ತಿ ಬಂದ ವರ್ಷವೇ ದುರಂತವೂ ಬಂತು. 1946ರಲ್ಲಿ ಹಿರಿಯ ಮಗ ರೊಮಾನೊ, ಒಂಬತ್ತು ವರ್ಷದ ಬಾಲಕ, ಕರುಳಬಾಲದ ಉರಿಯೂತದಿಂದ ಸ್ಪೇನ್ ದೇಶದಲ್ಲಿ ತೀರಿಕೊಂಡ. ಮರುವರ್ಷ ರೊಸೆಲಿನಿ ಬಾಂಬು ದಾಳಿಗೆ ನೆಲಸಮವಾಗಿದ್ದ ಬರ್ಲಿನ್ನಿಗೆ ಹೋಗಿ ‘ಜರ್ಮನಿ, ಇಯರ್ ಝೀರೊ’ ಚಿತ್ರೀಕರಿಸಿದರು. ಪಾಳುಬಿದ್ದ ನಗರದಲ್ಲಿ ಒಂಟಿಯಾಗಿ ಅಲೆಯುವ ಹುಡುಗನೊಬ್ಬನ ಕಥೆಯದು. ಅದನ್ನು ತೀರಿಹೋದ ಮಗನಿಗೆ ಅರ್ಪಿಸಿದರು. ನಿನ್ನೆಯವರೆಗೆ ಶತ್ರುಗಳಾಗಿದ್ದವರ ನಾಡಿಗೆ ಹೋಗಿ, ಅವರ ಮಗುವೊಂದರ ಮುಖದಲ್ಲಿ ತನ್ನ ಮಗುವನ್ನು ಹುಡುಕಿದ ತಂದೆಯನ್ನು ಭಾವಶೂನ್ಯನೆಂದು ಯಾರೂ ಕರೆಯಲಾರರು.

ಆ ಹೊತ್ತಿಗೆ ಹಾಲಿವುಡ್ಡಿನಲ್ಲಿ ಕೀರ್ತಿಯ ಶಿಖರದಲ್ಲಿದ್ದ ಇಂಗ್ರಿಡ್ ಬರ್ಗ್‌ಮನ್, ಈ ಚಿತ್ರಗಳನ್ನು ಮೆಚ್ಚಿ, ಅವರೊಡನೆ ಕೆಲಸ ಮಾಡುವ ಇಚ್ಛೆಯನ್ನು ತಿಳಿಸಿ ಪತ್ರ ಬರೆದರು. 1949ರಲ್ಲಿ ಇಟಲಿಗೆ ಬಂದರು. ಜ್ವಾಲಾಮುಖಿಯ ದ್ವೀಪವಾದ ಸ್ಟ್ರೊಂಬೊಲಿಯಲ್ಲಿ ಚಿತ್ರೀಕರಣ ನಡೆಯುವಾಗಲೇ ಇಬ್ಬರ ಪ್ರೇಮ ಜಗಜ್ಜಾಹೀರಾಯಿತು. ಅಮೆರಿಕದಲ್ಲಿ ಬರ್ಗ್‌ಮನ್ ಅವರಿಗೆ ಪತಿಯಿದ್ದರು, ಹತ್ತು ವರ್ಷದ ಮಗಳಿದ್ದಳು. 1950ರ ಫೆಬ್ರುವರಿಯಲ್ಲಿ ರೊಸೆಲಿನಿಯವರಿಂದ ಗಂಡುಮಗು ಜನಿಸಿತು. ಅಮೆರಿಕದ ಸೆನೆಟ್ ಸಭೆಯಲ್ಲೇ ಸದಸ್ಯರೊಬ್ಬರು ಇಬ್ಬರನ್ನೂ ಖಂಡಿಸಿ ಭಾಷಣ ಮಾಡಿದರು. ಅದೇ ವರ್ಷ ವಿವಾಹ ನಡೆಯಿತು. 1952ರಲ್ಲಿ ಅವಳಿ ಹೆಣ್ಣುಮಕ್ಕಳಾದರು. ಅವರಲ್ಲೊಬ್ಬರು ಮುಂದೆ ನಟಿಯಾಗಿ ಹೆಸರು ಮಾಡಿದ ಇಸಾಬೆಲ್ಲಾ. ಅನ್ಯರ ಮನೆಯ ವಿಚಾರದಲ್ಲಿ ಸಂಸತ್ತುಗಳಿಗೇನು ಕೆಲಸವೆಂದು ನಾವು ಕೇಳಬಹುದು, ಕೇಳಲೇಬೇಕು. ಆದರೆ ಅಮೆರಿಕದಲ್ಲಿ ಉಳಿದ ಆ ಬಾಲಕಿಯ ಪ್ರಶ್ನೆ ಸೆನೆಟರನ ಪ್ರಶ್ನೆಗಿಂತ ಬೇರೆಯದು. ಅದಕ್ಕೆ ಉತ್ತರ ಸುಲಭವಲ್ಲ.

ಈ ಹಿನ್ನೆಲೆಯಲ್ಲಿ ಬಂದದ್ದು ‘ಜರ್ನಿ ಟು ಇಟಲಿ’. ಕ್ಯಾಥರೀನಳ ಪಾತ್ರ ಬರ್ಗ್‌ಮನ್ ಅವರದು, ಅಲೆಕ್ಸನ ಪಾತ್ರ ಜಾರ್ಜ್ ಸ್ಯಾಂಡರ್ಸ್ ಅವರದು. ಸಿದ್ಧ ಚಿತ್ರಕಥೆಯನ್ನು ಕೈಗಿಟ್ಟು, ಮಾತುಗಳನ್ನು ಕಂಠಪಾಠ ಮಾಡಿಸಿ ನಟಿಸುವ ಹಾಲಿವುಡ್ ಪದ್ಧತಿಗೆ ಸ್ಯಾಂಡರ್ಸ್ ಒಗ್ಗಿಕೊಂಡಿದ್ದರು. ಇಲ್ಲಿ ದಿನದ ಸಂಭಾಷಣೆ ಅಂದಂದಿಗೆ ಸಿಗುತ್ತಿತ್ತು. ಏನು ನಡೆಯುತ್ತಿದೆಯೆಂದು ತಿಳಿಯದೆ ಅವರು ಕಂಗೆಟ್ಟರು, ಬೇಸತ್ತರು. ಆ ಬೇಸರವೇ ಪರದೆಯ ಮೇಲೆ ಅಲೆಕ್ಸನ ಬೇಸರವಾಗಿ ಮೂಡಿತು. ಪರಿಚಿತ ವ್ಯವಸ್ಥೆಯಿಂದ ಹೊರಬಂದ ಸಿರಿವಂತನ ಅಸಹಾಯಕತೆ ನಟನೆಯಾಗಿ ಉಳಿಯಲಿಲ್ಲ.

ಚಿತ್ರದಲ್ಲಿ ಘಟನೆಗಳು ಕಡಿಮೆ. ಗಂಡ ಕ್ಯಾಪ್ರಿ ದ್ವೀಪಕ್ಕೆ ವಿಹಾರ ಹೋಗುತ್ತಾನೆ. ಹೆಂಗಸರ ಸ್ನೇಹಕ್ಕೆ ಹಾತೊರೆದು ವಿಫಲನಾಗುತ್ತಾನೆ. ಹೆಂಡತಿ ಒಬ್ಬಳೇ ಕಾರು ನಡೆಸಿಕೊಂಡು ನೇಪಲ್ಸಿನ ವಸ್ತುಸಂಗ್ರಹಾಲಯ, ಕ್ಯೂಮೆಯ ಗುಹೆ, ಹೊಗೆಯುಗುಳುವ ಗಂಧಕದ ನೆಲ, ತಲೆಬುರುಡೆಗಳನ್ನು ಸಾಲಾಗಿ ಜೋಡಿಸಿಟ್ಟ ನೆಲಮಾಳಿಗೆ ಇವುಗಳನ್ನು ನೋಡುತ್ತಾಳೆ. ದಾರಿಯುದ್ದಕ್ಕೂ ಬಸುರಿಯರು, ಕೈಗಾಡಿಯಲ್ಲಿ ಮಲಗಿದ ಶಿಶುಗಳು ಕಣ್ಣಿಗೆ ಬೀಳುತ್ತಾರೆ. ಆಕೆಗೆ ಮಕ್ಕಳಿಲ್ಲ. ತನ್ನನ್ನು ಪ್ರೀತಿಸಿದ್ದ, ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಕವಿಯೊಬ್ಬನ ನೆನಪನ್ನು ಆಕೆ ಹೇಳಿಕೊಂಡರೆ, ಗಂಡನಿಂದ ಬರುವ ಪ್ರತಿಕ್ರಿಯೆ ವ್ಯಂಗ್ಯ. ಆತನೇನೂ ದುಷ್ಟನಲ್ಲ. ಹೊಡೆಯುವುದಿಲ್ಲ, ವಂಚಿಸಿ ಆಸ್ತಿ ಕಸಿಯುವುದಿಲ್ಲ. ಸಮಯ ವ್ಯರ್ಥವಾಗುತ್ತಿದೆ ಎಂಬುದೊಂದೇ ಆತನ ದೂರು. ಬಿಡುವಿನ ವೇಳೆಯನ್ನೂ ನಷ್ಟವೆಂದು ಎಣಿಸುವ ಮನಸ್ಸಿಗೆ ಎದುರಿಗಿರುವ ಮನುಷ್ಯಜೀವಿಯೂ ಒಂದು ಬಾಬತ್ತಾಗಿ ಕಾಣುವುದು ಸಹಜವೇ.

ವಿಚ್ಛೇದನದ ಮಾತು ಆಡಿ ಮುಗಿದ ಹೊತ್ತಿಗೇ ದಂಪತಿ ಪೊಂಪೇಯಿಯ ಉತ್ಖನನಕ್ಕೆ ಹೋಗಬೇಕಾಗುತ್ತದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಊರದು. ಸತ್ತವರ ದೇಹಗಳು ಕರಗಿಹೋದ ಮೇಲೆ ಗಟ್ಟಿಯಾದ ಬೂದಿಯಲ್ಲಿ ಅವರ ಆಕಾರದ ಪೊಳ್ಳು ಉಳಿದಿರುತ್ತದೆ. ಅದರೊಳಕ್ಕೆ ಪ್ಲಾಸ್ಟರ್ ಸುರಿದರೆ ಕೊನೆಯ ಕ್ಷಣದ ಮನುಷ್ಯರೂಪ ಮರಳಿ ಮೂಡುತ್ತದೆ. ಫಿಯೊರೆಲ್ಲಿ ಎಂಬ ಪುರಾತತ್ತ್ವಜ್ಞ 1863ರಲ್ಲಿ ರೂಢಿಗೆ ತಂದ ವಿಧಾನವಿದು. ಚಿತ್ರದಲ್ಲಿ ಹಾಗೆ ಮೇಲೆದ್ದು ಬರುವುದು ಒಂದು ಗಂಡು, ಒಂದು ಹೆಣ್ಣು; ಅಕ್ಕಪಕ್ಕದಲ್ಲೇ ಮರಣ ಹೊಂದಿದ ಜೋಡಿ. ಕ್ಯಾಥರೀನ್ ಬಿಕ್ಕಿ ಅಳುತ್ತಾಳೆ. ಹಿಂದಿರುಗುವಾಗ ಹಳ್ಳಿಯ ದೇವರ ಮೆರವಣಿಗೆ ಕಾರನ್ನು ತಡೆಯುತ್ತದೆ. ಇಳಿದ ಕ್ಯಾಥರೀನಳನ್ನು ಜನಪ್ರವಾಹ ಸೆಳೆದೊಯ್ಯುತ್ತದೆ. ಅಲೆಕ್ಸ್ ಓಡಿ ಹೋಗಿ ಆಕೆಯನ್ನು ಹಿಡಿದುಕೊಳ್ಳುತ್ತಾನೆ, ಇಬ್ಬರೂ ಒಂದಾಗುತ್ತಾರೆ. ಈ ಅಂತ್ಯ ನಂಬುವಂತಿದೆಯೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಒಂದನ್ನು ಗಮನಿಸಬೇಕು: ಆತನ ಮನಸ್ಸು ಕರಗುವುದು ಕಾರಿನ ಬಾಗಿಲು ತೆರೆದು ಜನರ ನಡುವೆ ಕಾಲಿಟ್ಟ ಮೇಲೆಯೇ.

ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಇಟಲಿಯ ವಿಮರ್ಶಕರು, ಬಡವರ ಬವಣೆ ಬಿಟ್ಟು ಶ್ರೀಮಂತರ ದಾಂಪತ್ಯದ ಕಡೆಗೆ ತಿರುಗಿದರೆಂದು ರೊಸೆಲಿನಿಯವರನ್ನು ಹಳಿದರು. ಅದನ್ನು ಎತ್ತಿಹಿಡಿದವರು ಫ್ರಾನ್ಸಿನ ‘ಕಾಯೆ ದ್ಯು ಸಿನೆಮಾ’ ಪತ್ರಿಕೆಯ ಯುವ ವಿಮರ್ಶಕರು. ಜಾಕ್ ರಿವೆಟ್ 1955ರಲ್ಲಿ ಬರೆದ ಲೇಖನ ಪ್ರಸಿದ್ಧವಾದುದು. ತ್ರುಫೊ, ಗೊದಾರ್ ಮುಂತಾದವರು ಮುಂದೆ ಹೊಸ ಅಲೆಯ ಚಿತ್ರಗಳನ್ನು ತೆಗೆಯುವಾಗ ಈ ಚಿತ್ರ ಅವರ ಕಣ್ಣ ಮುಂದಿತ್ತು. ಹೊಗಳಿಕೆಯಿಂದ ಸಾಲ ತೀರುವುದಿಲ್ಲವಷ್ಟೆ. ಬರ್ಗ್‌ಮನ್ ಮತ್ತೆ ಹೊರಗಿನ ನಿರ್ದೇಶಕರ ಚಿತ್ರಗಳಲ್ಲಿ ನಟಿಸತೊಡಗಿದರು. 1957ರಲ್ಲಿ ‘ಅನಸ್ತೇಷಿಯಾ’ ಚಿತ್ರಕ್ಕೆ ಆಸ್ಕರ್ ಪಡೆದರು. ಮನೆಯೊಳಗಿನ ಬಿರುಕು ದೊಡ್ಡದಾಗಿತ್ತು.

1956ರ ಕೊನೆಯಲ್ಲಿ ರೊಸೆಲಿನಿ ಭಾರತಕ್ಕೆ ಬಂದರು. ಹೊಸ ರಾಷ್ಟ್ರದ ಚಿತ್ರಣವನ್ನು ಅವರು ಜಗತ್ತಿಗೆ ತೋರಿಸಬಲ್ಲರೆಂಬ ಭರವಸೆ ನೆಹರೂ ಅವರಿಗಿತ್ತು. ಸರ್ಕಾರದ ನೆರವೂ ದೊರೆಯಿತು. ಹಾವಾಡಿಗರ, ಮಹಾರಾಜರ ಭಾರತವನ್ನು ತೋರಿಸಲು ಅವರಿಗೆ ಆಸಕ್ತಿಯಿರಲಿಲ್ಲ. ತಿಂಗಳುಗಟ್ಟಲೆ ಸುತ್ತಿ ತೆಗೆದ ‘ಇಂಡಿಯಾ: ಮಾತೃಭೂಮಿ’ 1959ರಲ್ಲಿ ಕಾನ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ಆನೆಗಳೊಡನೆ ಬದುಕುವ ಮಾವುತ, ಹುಲಿಯನ್ನು ಉಳಿಸಬಯಸುವ ವೃದ್ಧ, ಒಡೆಯನನ್ನು ಕಳೆದುಕೊಂಡ ಕೋತಿ, ಇವರ ಜೊತೆಗೆ ಹಿರಾಕುಡ್ ಅಣೆಕಟ್ಟಿನ ಕಾರ್ಮಿಕನೊಬ್ಬನ ಕಥೆ ಅದರಲ್ಲಿದೆ.

ಒಡಿಶಾದಲ್ಲಿ ಮಹಾನದಿಗೆ ಅಡ್ಡಲಾಗಿ ಕಟ್ಟಿದ ಹಿರಾಕುಡ್ ಅಣೆಕಟ್ಟನ್ನು ನೆಹರೂ ಉದ್ಘಾಟಿಸಿದ್ದು 1957ರ ಜನವರಿ 13ರಂದು. ಕೆಲಸ ಮುಗಿಯಿತು, ಕೆಲಸಗಾರ ಬೇರೆಡೆಗೆ ಹೋಗಬೇಕು. ಪೂರ್ವ ಬಂಗಾಳದಿಂದ ನಿರಾಶ್ರಿತನಾಗಿ ಬಂದು ಇಲ್ಲಿ ನೆಲೆ ಕಂಡ ಆತ, ಹೊರಡುವ ಮುನ್ನಾದಿನ ಅಣೆಕಟ್ಟಿನ ಮೇಲೆ ಸುಮ್ಮನೆ ನಡೆಯುತ್ತಾನೆ. ಕೆಲಸದಲ್ಲಿ ಮಡಿದವರ ಸ್ಮಾರಕದ ಮುಂದೆ ನಿಲ್ಲುತ್ತಾನೆ. ನೀರಿನಲ್ಲಿ ಮೀಯುತ್ತಾನೆ. ಹೆಂಡತಿಗೆ ಊರು ಬಿಡುವ ಮನಸ್ಸಿಲ್ಲ. ಆ ಅಣೆಕಟ್ಟಿನಲ್ಲಿ ಆತನದೆಂದು ಹೇಳಿಕೊಳ್ಳುವ ಒಂದು ಇಟ್ಟಿಗೆಯೂ ಇಲ್ಲ. ಆದರೂ ಬಿಡುವುದು ಕಷ್ಟ. ನೇಪಲ್ಸಿನಲ್ಲಿ ಇಡೀ ಬಂಗಲೆಯ ಒಡೆಯನಾಗಿದ್ದ ಅಲೆಕ್ಸನಿಗೆ ಅದನ್ನು ಬಿಡಲು ಒಂದು ಸಹಿ ಸಾಕಾಗಿತ್ತು. ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿದಾಗ ಮಾಲೀಕತ್ವಕ್ಕೂ ಮಮತೆಗೂ ಇರುವ ಅಂತರ ಸ್ಪಷ್ಟವಾಗುತ್ತದೆ.

ಸ್ವಂತ ಅನುಭವವೊಂದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ. ಸೇವೆಯ ಆರಂಭದ ವರ್ಷಗಳಲ್ಲಿ, ಜಲಾಶಯವೊಂದರ ಹಿನ್ನೀರಿನಲ್ಲಿ ಮುಳುಗಲಿದ್ದ ಹಳ್ಳಿಗಳ ಮನೆ, ಮರ, ಬಾವಿಗಳಿಗೆ ಪರಿಹಾರ ನಿಗದಿ ಮಾಡುವ ಕೆಲಸ ನನ್ನದಾಗಿತ್ತು. ಹೆಂಚಿನ ಮನೆಗೆ ಇಷ್ಟು, ಹುಲ್ಲಿನ ಮನೆಗೆ ಇಷ್ಟು, ಹುಣಸೆ ಮರಕ್ಕೆ ಇಷ್ಟು ಎಂದು ನಮೂನೆಯಲ್ಲಿ ತುಂಬುತ್ತಿದ್ದೆ. ತೆರವಿನ ಕೊನೆಯ ದಿನ ಬೆಳಿಗ್ಗೆ ಮುದುಕಿಯೊಬ್ಬಳು ತನ್ನ ಮನೆಯಂಗಳವನ್ನು ಸಗಣಿಯಿಂದ ಸಾರಿಸಿ ರಂಗೋಲಿ ಇಡುತ್ತಿದ್ದಳು. ಗಾಡಿಗೆ ಸಾಮಾನು ಏರಿಸಿಯಾಗಿತ್ತು. ಮುಳುಗುವ ಅಂಗಳಕ್ಕೆ ರಂಗೋಲಿ ಏಕೆಂದು ನಾನು ಕೇಳಲಿಲ್ಲ. ತಡವಾಗುತ್ತಿದೆಯೆಂದು ಗಡಿಯಾರ ನೋಡಿಕೊಂಡೆ. ಅರ್ಥಶಾಸ್ತ್ರ ಓದಿದ್ದ ನನಗೆ ನಮೂನೆಯಲ್ಲಿ ಅದಕ್ಕೊಂದು ಕಲಮು ಇಲ್ಲವೆಂಬುದು ಆಗ ಹೊಳೆಯಲಿಲ್ಲ. ಎಷ್ಟೋ ವರ್ಷಗಳ ನಂತರ ‘ಜರ್ನಿ ಟು ಇಟಲಿ’ ನೋಡುವಾಗ, ಜನರ ಗದ್ದಲಕ್ಕೆ ಮುಖ ಸಿಂಡರಿಸುವ ಅಲೆಕ್ಸನಲ್ಲಿ ನನಗೆ ನನ್ನ ಗುರುತು ಸಿಕ್ಕಿತು. ಪರದೇಶಿಯಾಗಲು ಪರದೇಶಕ್ಕೇ ಹೋಗಬೇಕೆಂದಿಲ್ಲ.

ಆದರೆ ಭಾರತದ ಅಧ್ಯಾಯ ಹಿರಾಕುಡ್‌ಗೆ ಮುಗಿಯಲಿಲ್ಲ. ಸಾಕ್ಷ್ಯಚಿತ್ರ ನಿರ್ದೇಶಕ ಹರಿಸಾಧನ್ ದಾಸ್‌ಗುಪ್ತ ಅವರ ಪತ್ನಿ, ಇಪ್ಪತ್ತೇಳರ ಹರೆಯದ ಸೋನಾಲಿ ಅವರೊಡನೆ ರೊಸೆಲಿನಿಯವರ ಸಂಬಂಧ 1957ರಲ್ಲಿ ಪತ್ರಿಕೆಗಳ ಪಾಲಿಗೆ ಹಬ್ಬವಾಯಿತು. ಹರಿಸಾಧನ್ ಸಾಮಾನ್ಯರಲ್ಲ, ಸತ್ಯಜಿತ್ ರಾಯ್ ಅವರೊಡನೆ 1947ರಲ್ಲಿ ಕಲ್ಕತ್ತಾ ಫಿಲಂ ಸೊಸೈಟಿ ಕಟ್ಟಿದವರಲ್ಲಿ ಒಬ್ಬರು. ಸೋನಾಲಿ ಎಳೆಯ ಕೂಸನ್ನೆತ್ತಿಕೊಂಡು ಯುರೋಪಿಗೆ ಹೋದರು. ಹಿರಿಯ ಮಗ ತಂದೆಯ ಬಳಿ ಉಳಿದ. ಬರ್ಗ್‌ಮನ್ ಅವರೊಡನೆ ದಾಂಪತ್ಯ ಮುರಿಯಿತು. ಎಂಟು ವರ್ಷಗಳ ಹಿಂದೆ ಅಮೆರಿಕದಲ್ಲಿ ತಾಯಿಯಿಲ್ಲದೆ ಉಳಿದ ಮಗಳ ಕಥೆ, ಈಗ ನಮ್ಮ ದೇಶದಲ್ಲಿ ಒಬ್ಬ ಮಗನ ಕಥೆಯಾಗಿ ಪುನರಾವರ್ತನೆಗೊಂಡಿತು. ಹೋದವರು ಸ್ವಂತ ಬುದ್ಧಿಯ ವಯಸ್ಕ ಸ್ತ್ರೀಯರು, ಯಾರೂ ಅವರನ್ನು ಅಪಹರಿಸಲಿಲ್ಲ ಎಂಬುದು ನಿಜ. ಆದರೂ ಮಕ್ಕಳನ್ನು ಯಾರೂ ಕೇಳಿರಲಿಲ್ಲ.

ಅರ್ಥಶಾಸ್ತ್ರದಲ್ಲಿ ಒಂದು ಪರಿಕಲ್ಪನೆಯಿದೆ. ಕಾರ್ಖಾನೆಯ ಲಾಭ ಮಾಲೀಕನ ಪುಸ್ತಕದಲ್ಲಿ ದಾಖಲಾಗುತ್ತದೆ. ಅದರ ಹೊಗೆಯಿಂದ ನೆರೆಯವರಿಗಾಗುವ ನಷ್ಟ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಇಂಥ ವೆಚ್ಚವನ್ನು ಪೀಗೂ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞ 1920ರಲ್ಲೇ ಚರ್ಚಿಸಿದ್ದಾನೆ. ಮನುಷ್ಯರ ಪ್ರೇಮಕ್ಕೂ ಇದು ಅನ್ವಯಿಸುತ್ತದೆಂದು ಹೇಳಿದರೆ ಒಣ ಮಾತೆನಿಸೀತು. ಆದರೆ ರೊಸೆಲಿನಿಯವರ ಬದುಕಿನ ಮುಂದೆ ಬೇರಾವ ಮಾತೂ ನನಗೆ ಇಷ್ಟು ಹೊಂದುವುದಿಲ್ಲ. ತೀವ್ರವಾಗಿ ಭಾವಿಸಿದರು, ತೀವ್ರವಾಗಿ ಬದುಕಿದರು. ಬೆಲೆಯ ಒಂದು ಪಾಲನ್ನು ಇತರರು ತೆತ್ತರು.

ನ್ಯಾಯಕ್ಕಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅವರು ಸೋನಾಲಿಯವರ ಕೂಸನ್ನು ತಮ್ಮ ಹೆಸರು ಕೊಟ್ಟು ಬೆಳೆಸಿದರು. 1958ರಲ್ಲಿ ಒಬ್ಬ ಮಗಳೂ ಹುಟ್ಟಿದಳು. ಮಕ್ಕಳೆಲ್ಲರೂ ತಮ್ಮವರೆಂಬ ಭಾವ ಅವರಲ್ಲಿತ್ತು. ಎಂದೋ ದೂರವಾಗಿದ್ದ ಆನ್ನಾ ಮನ್ಯಾನಿ ಕಾಯಿಲೆ ಬಿದ್ದಾಗ ಬಳಿಯಲ್ಲಿದ್ದರು. 1973ರಲ್ಲಿ ಆಕೆ ತೀರಿಕೊಂಡಾಗ ತಮ್ಮ ಕುಟುಂಬದ ಸಮಾಧಿಯಲ್ಲೇ ತಾತ್ಕಾಲಿಕವಾಗಿ ಇರಿಸಿಕೊಂಡರು. ಮೊದಲ ಪತ್ನಿ ಮಾರ್ಚೆಲ್ಲಾ ಕೊನೆಯವರೆಗೂ ಅವರ ಹಿತೈಷಿಯಾಗಿ ಉಳಿದರು. ಸೋನಾಲಿ ಅವರೊಡನೆಯೂ 1970ರ ದಶಕದಲ್ಲಿ ಸಂಬಂಧ ಸಡಿಲವಾಯಿತು. ಆಕೆ ರೋಮಿನಲ್ಲೇ ನೆಲೆಸಿ, ಸಾರ್ವಜನಿಕರ ಕಣ್ಣಿನಿಂದ ದೂರವೇ ಇದ್ದು, 2014ರಲ್ಲಿ ನಿಧನರಾದರು. ತಮ್ಮ ಕಥೆಯನ್ನು ಮಾರುಕಟ್ಟೆಗೆ ತರದ ಆ ಘನತೆಗೆ ತಲೆಬಾಗಬೇಕು.

‘ಜನರಲ್ ದೆಲ್ಲಾ ರೊವೆರೆ’ 1959ರಲ್ಲಿ ವೆನಿಸ್ ಉತ್ಸವದ ಸ್ವರ್ಣಸಿಂಹ ಪ್ರಶಸ್ತಿ ಹಂಚಿಕೊಂಡು ಅವರಿಗೆ ಮತ್ತೆ ಯಶಸ್ಸು ತಂದಿತು. ಆ ದಾರಿಯಲ್ಲೇ ಸಾಗಿದ್ದರೆ ಹಣಕ್ಕೆ ಕೊರತೆಯಿರುತ್ತಿರಲಿಲ್ಲ. ಆದರೆ 1960ರ ದಶಕದಲ್ಲಿ ಅವರು ವಾಣಿಜ್ಯ ಸಿನಿಮಾಕ್ಕೆ ಬೆನ್ನುಹಾಕಿ ಟೆಲಿವಿಷನ್ನಿನತ್ತ ಹೊರಳಿದರು. ಜನಸಾಮಾನ್ಯರಿಗೆ ಜ್ಞಾನ ಹಂಚುವುದೇ ದೃಶ್ಯಮಾಧ್ಯಮದ ಮುಖ್ಯ ಕರ್ತವ್ಯವೆಂದು ನಂಬಿದರು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಅಧಿಕಾರಗ್ರಹಣವನ್ನು ಕುರಿತು 1966ರಲ್ಲಿ ಮಾಡಿದ ಚಿತ್ರ ಈ ಬಗೆಯಲ್ಲಿ ಶ್ರೇಷ್ಠವಾದುದು. ಸಾಕ್ರಟಿಸ್, ಪ್ಯಾಸ್ಕಲ್, ದೆಕಾರ್ತ್ ಇವರೆಲ್ಲರ ಜೀವನಗಳನ್ನು ಅಗ್ಗದ ವೆಚ್ಚದಲ್ಲಿ, ಅಬ್ಬರವಿಲ್ಲದೆ ತೆರೆಗೆ ತಂದರು. 1977ರಲ್ಲಿ ಕಾನ್ ಉತ್ಸವದ ತೀರ್ಪುಗಾರರ ಅಧ್ಯಕ್ಷರಾಗಿ, ತವಿಯಾನಿ ಸಹೋದರರು ಟೆಲಿವಿಷನ್ನಿಗಾಗಿ ಮಾಡಿದ್ದ ‘ಪಾದ್ರೆ ಪದ್ರೋನೆ’ಗೆ ಅತ್ಯುನ್ನತ ಪ್ರಶಸ್ತಿ ನೀಡಿದರು. ರೋಮಿಗೆ ಮರಳಿದ ಕೆಲವೇ ದಿನಗಳಲ್ಲಿ, ಜೂನ್ 3ರಂದು, ಹೃದಯಾಘಾತದಿಂದ ನಿಧನರಾದರು. ಅವರಿಗೆ 71 ವರ್ಷ. ಸಿರಿವಂತ ಮನೆಯಲ್ಲಿ ಹುಟ್ಟಿದ ಅವರು ಕಾಪಾಡಿಕೊಂಡು ಬಿಟ್ಟುಹೋದ ಸಂಪತ್ತೇನೂ ದೊಡ್ಡದಿರಲಿಲ್ಲ.

ಇಂದು ನಮ್ಮ ಮಧ್ಯಮವರ್ಗದ ಅನೇಕ ಮನೆಗಳಲ್ಲಿ ಒಬ್ಬರಾದರೂ ಪರದೇಶದಲ್ಲಿದ್ದಾರೆ. ಹಿರಿಯರು ತೀರಿಕೊಂಡ ಮೇಲೆ ಎರಡು ವಾರಗಳ ರಜೆಯಲ್ಲಿ ಬಂದು, ಊರಿನ ಮನೆ ಮಾರಿ, ಪತ್ರಗಳಿಗೆ ಸಹಿ ಹಾಕಿ, ವಿಮಾನ ಹತ್ತುವ ಮಕ್ಕಳನ್ನು ನಾವೆಲ್ಲ ಬಲ್ಲೆವು. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ; ಅವರ ಅನಿವಾರ್ಯಗಳು ಅವರಿಗೆ ಗೊತ್ತು. ಅವರಿಗೂ ನಮಗೂ ‘ಜರ್ನಿ ಟು ಇಟಲಿ’ ಹೇಳುವುದು ಇಷ್ಟೇ: ಮಾರುವ ಮುನ್ನ ಒಮ್ಮೆ ಕಾರಿನಿಂದಿಳಿದು ನೋಡಿ. ಅದನ್ನು ತೆಗೆದವರ ಬದುಕು ಅದಕ್ಕೆ ಮತ್ತೊಂದು ಮಾತನ್ನು ಸೇರಿಸುತ್ತದೆ. ಇಳಿದು, ಜನರೊಡನೆ ಬೆರೆತು, ಮನಸಾರೆ ಪ್ರೀತಿಸಿದ ಮೇಲೂ ಲೆಕ್ಕವೊಂದು ಉಳಿಯುತ್ತದೆ. ನಾವು ಬಿಟ್ಟುಬಂದ ಮನೆಯ ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ಹಿಂತಿರುಗಿ ನೋಡುವ ಲೆಕ್ಕವದು.